ಮೌನವೇ ಸಮ್ಮತಿಯಾದ ಕಥೆ

'ಮೌನಂ ಸಮ್ಮತಿ ಲಕ್ಷಣಂ' ಎಂಬ ಮಾತು ಮದುವೆಯ ಮಾತುಕತೆಗೆ ಸರಿ, ವ್ಯಾಪಾರಕ್ಕಲ್ಲ. ಕಂಪ್ಯೂಟರ್ ತಂತ್ರಾಂಶಕ್ಕೆ ಒಮ್ಮೆ ಚಂದಾ ಕಟ್ಟಿದವರ ಖಾತೆಯಿಂದ ಮರುವರ್ಷ ತಾನಾಗಿಯೇ ಹಣ ಹೋದಾಗ ಸಿಡಿಮಿಡಿಗೊಳ್ಳದವರು ವಿರಳ.

ಈ ಉಪಾಯ ಹೊಸದೇನಲ್ಲ. 1926ರಲ್ಲಿ ಹ್ಯಾರಿ ಶೆರ್ಮನ್ ಮೊದಲಾದವರು ಅಮೆರಿಕದಲ್ಲಿ 'ಬುಕ್ ಆಫ್ ದಿ ಮಂತ್ ಕ್ಲಬ್' ಆರಂಭಿಸಿದರು. ತಿಂಗಳ ಪುಸ್ತಕ ಬೇಡವೆಂದು ಸದಸ್ಯರು ಚೀಟಿ ಬರೆಯದಿದ್ದರೆ ಪುಸ್ತಕವೂ ಬಿಲ್ಲೂ ಮನೆಗೆ ಬರುವ ಪದ್ಧತಿಯನ್ನು ಅದು ರೂಢಿಗೆ ತಂದಿತು. ಬೇಡವೆನ್ನುವ ಹೊಣೆ ಗಿರಾಕಿಯ ತಲೆಗೆ ಬಿತ್ತು. ಕೊನೆಗೆ 1973ರಲ್ಲಿ ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್, ಉತ್ತರಿಸಲು ಕನಿಷ್ಠ 10 ದಿನ ಕೊಡಬೇಕೆಂದು ನಿಯಮ ಮಾಡಿತು.

ತಂತ್ರಾಂಶ ಪೆಟ್ಟಿಗೆಯಲ್ಲಿ ಬರುತ್ತಿದ್ದಾಗ ಒಮ್ಮೆ ಕೊಂಡರೆ ಮುಗಿಯುತ್ತಿತ್ತು. 2013ರಲ್ಲಿ ಅಡೋಬ್ ಕಂಪೆನಿ ಫೋಟೋಶಾಪ್‌ನ ಹೊಸ ಆವೃತ್ತಿಗಳು ಚಂದಾದಾರರಿಗೆ ಮಾತ್ರ ಎಂದು ಸಾರಿತು. ಬೇಡದ ಪುಸ್ತಕವಾದರೂ ಕಣ್ಣಿಗೆ ಬೀಳುತ್ತಿತ್ತು. ತಂತ್ರಾಂಶದ ನವೀಕರಣ ಬೀಳುವುದಿಲ್ಲ.

ನಮ್ಮಲ್ಲಿ 2021ರ ಅಕ್ಟೋಬರ್ 1ರಿಂದ ರಿಸರ್ವ್ ಬ್ಯಾಂಕಿನ ಕಟ್ಟಳೆ ಪೂರ್ಣವಾಗಿ ಜಾರಿಗೆ ಬಂತು: ಕಾರ್ಡಿನಿಂದ ಇಂಥ ಹಣ ಕಡಿತವಾಗುವ ಕನಿಷ್ಠ 24 ಗಂಟೆ ಮೊದಲು ಬ್ಯಾಂಕು ತಿಳಿಸಬೇಕು, ಬೇಡವೆನ್ನಲು ಅವಕಾಶ ಕೊಡಬೇಕು. 10 ದಿನ ಹೋಗಿ ಒಂದು ದಿನವಾಯಿತು. ಚಿಕ್ಕ ಮೊತ್ತಕ್ಕೆ ಮೌನವೇ ಈಗಲೂ ಸಮ್ಮತಿ. ಆದ್ದರಿಂದ ವಾಚಕ ಬಂಧುಗಳು ಆ ಸಂದೇಶವನ್ನು ಓದದೆ ಅಳಿಸಬಾರದು. ಊರಿನಲ್ಲಿರುವ ಹಿರಿಯರಿಗೂ ಓದಿ ಹೇಳಬೇಕು.