ಗಜ್ಜಲಹಟ್ಟಿಯ ಕಣಿವೆ ಮತ್ತು ಮೂಗು ಕೊಯ್ದ ಯುದ್ಧ

ಚಾಮರಾಜನಗರದಿಂದ ತೆಂಕಲಾಗಿ ಹೊರಟು, ಹಾಸನೂರು, ದಿಂಬಗಳನ್ನು ದಾಟಿ ಸತ್ಯಮಂಗಲಕ್ಕೆ ಇಳಿಯುವವರು ಬೆಟ್ಟದ ತಂಪನ್ನು ಬಿಟ್ಟು ಭವಾನಿಯ ಬಯಲನ್ನು ಸೇರುವರು. ಇದಕ್ಕೆ ಪಶ್ಚಿಮದಲ್ಲಿ, ಮೋಯಾರು ನದಿಯ ಬಳಿ, ಗಜ್ಜಲಹಟ್ಟಿಯೆಂಬ ಹಳೆಯ ಕಣಿವೆಯುಂಟು. 17ನೆಯ ಶತಮಾನದಲ್ಲಿ ಮೈಸೂರಿಗೂ ಮಧುರೆಗೂ ನಡುವಣ ಬಾಗಿಲೆಂದರೆ ಈ ಘಟ್ಟದ ದಾರಿಗಳೇ.

ಇವೆರಡೂ ಒಂದು ಕಾಲಕ್ಕೆ ವಿಜಯನಗರಕ್ಕೆ ತಲೆಬಾಗಿದ್ದ ಮನೆತನಗಳು. ಸಾಮ್ರಾಜ್ಯವು ಕುಗ್ಗಿದಂತೆ ಎರಡೂ ಸ್ವತಂತ್ರವಾಗಿ ಬೆಳೆದವು. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣವನ್ನು ಪಡೆದರು. 1638ರಲ್ಲಿ ಪಟ್ಟಕ್ಕೆ ಬಂದ ರಣಧೀರ ಕಂಠೀರವ ನರಸರಾಜ ಒಡೆಯರ ಸೇನೆಯು ಘಟ್ಟವನ್ನಿಳಿದು ದಣಾಯಕನಕೋಟೆ, ಸತ್ಯಮಂಗಲಗಳನ್ನು ವಶಪಡಿಸಿಕೊಂಡಿತು. ಆಗ ಮಧುರೆಯನ್ನು ಆಳುತ್ತಿದ್ದವನು ತಿರುಮಲನಾಯಕ.

ಸುಮಾರು 1656ರಲ್ಲಿ ಮೈಸೂರಿನ ದಂಡು ಮತ್ತೆ ಇಳಿಯಿತು. ದಾರಿಯಲ್ಲಿ ಸಿಕ್ಕಿದವರ ಮೂಗುಗಳನ್ನು ಅದು ಕೊಯ್ಯಿತೆಂದು ಆ ಸೀಮೆಯಲ್ಲಿದ್ದ ಜೆಸ್ವಿಟ್ ಪಾದ್ರಿಗಳ ಪತ್ರಗಳು ಹೇಳುತ್ತವೆ. ವೃದ್ಧನೂ ರೋಗಿಯೂ ಆಗಿದ್ದ ತಿರುಮಲನಾಯಕನ ನೆರವಿಗೆ ರಾಮನಾಡಿನ ಸೇತುಪತಿಯು ಬಂದನು. ದಂಡು ಹಿಮ್ಮೆಟ್ಟಿತು. ಬೆನ್ನಟ್ಟಿ ಬಂದ ಮಧುರೆಯ ಸೇನೆಯು ಮೈಸೂರು ಸೀಮೆಯಲ್ಲಿ ಅದೇ ಕ್ರೌರ್ಯವನ್ನು ಬಡ್ಡಿಸಮೇತ ತೀರಿಸಿತು. ತಮಿಳರು ಇದನ್ನು ಮೂಗು ಕೊಯ್ದ ಯುದ್ಧವೆಂದೇ ಕರೆಯುವರು.

ಇದು ನಮ್ಮ ನಾಡಿಗೇ ಮೀಸಲಾದ ದುರ್ಗತಿಯೆಂದು ಭಾವಿಸಬೇಕಾದುದಿಲ್ಲ. ಹೆಚ್ಚುಕಡಮೆ ಅದೇ ಕಾಲಕ್ಕೆ, 1658ರಲ್ಲಿ, ಸ್ವೀಡನ್ನಿನ ಹತ್ತನೆಯ ಕಾರ್ಲ್ ಗುಸ್ತಾವನು ಹೆಪ್ಪುಗಟ್ಟಿದ ಕಡಲಿನ ಮೇಲೆ ಸೇನೆಯನ್ನು ನಡೆಸಿ ಡೆನ್ಮಾರ್ಕನ್ನು ಮಣಿಸಿದನು. ಸ್ಕೋನೆ ಎಂಬ ಪ್ರಾಂತವು ಆ ವರ್ಷದ ಸಂಧಿಯಲ್ಲಿ ಕೈಬದಲಾಯಿಸಿತು. ಅಲ್ಲಿಯೂ ಒಂದೇ ಬುಡದ ನೆರೆಹೊರೆಯ ರಾಜ್ಯಗಳೇ ಹಗೆಗಳು. ಅಲ್ಲಿಯೂ ಗಡಿಯ ರೈತನು ಇದ್ದಲ್ಲಿಯೇ ಇದ್ದನು, ದೊರೆ ಮಾತ್ರ ಬೇರೆಯಾದನು.

1659ರಲ್ಲಿ ಕಂಠೀರವರೂ ತಿರುಮಲನಾಯಕನೂ ತೀರಿಕೊಂಡರು. ಹಗೆ ತೀರಲಿಲ್ಲ. 1667ರಲ್ಲಿ ಮೈಸೂರು ಈರೋಡಿನಲ್ಲಿ ಗೆದ್ದಿತು. 1682ರಲ್ಲಿ ಚಿಕ್ಕದೇವರಾಜ ಒಡೆಯರ ಸೇನೆಯು ತಿರುಚಿನಾಪಳ್ಳಿಗೆ ಮುತ್ತಿಗೆ ಹಾಕಿತು. ಈ ಅರಸರು ಪಟ್ಟಕ್ಕೆ ಬರುವ ಮೊದಲು ಗುಂಡ್ಲುಪೇಟೆಯ ಬಳಿಯ ಹಂಗಳದಲ್ಲಿ ನಿರ್ಬಂಧದಲ್ಲಿದ್ದವರು. ತಂದೆಯ ನೆನಪಿಗಾಗಿ ಗುಂಡ್ಲುಪೇಟೆಯಲ್ಲಿ ಪರವಾಸುದೇವನ ಗುಡಿಯನ್ನು ಕಟ್ಟಿಸಿದರು.

ಆ ಗುಡಿಯನ್ನು ನೋಡಿದಾಗ ಅರಸರ ಪಿತೃಭಕ್ತಿಯನ್ನು ನೆನೆಯುವುದು ಉಚಿತವೇ. ಆದರೆ ಅಲ್ಲಿಂದ ಹಿಂದಿರುಗುವಾಗ ಘಟ್ಟದ ಕಡೆಗೊಮ್ಮೆ ಕಣ್ಣು ಹಾಯಿಸಿ, ಗೆಲುವಿಗೂ ಸೋಲಿಗೂ ಸಮನಾಗಿ ತೆತ್ತ ಎರಡು ಸೀಮೆಗಳ ಜನರನ್ನೂ ನಾವು ನೆನೆಯೋಣ.