ಮೊದಲ ಸಾಕ್ಷ್ಯಚಿತ್ರಕ್ಕೆ ಟಿವಿಯ ಆಸರೆ

ಈಗಾಗಲೇ ಚಿತ್ರ ಮಾಡಿ ತೋರಿಸಿದವರನ್ನು ನಂಬುವುದು ಟಿವಿ ವಾಹಿನಿಗಳಿಗೆ ಸುಲಭ. ಒಂದನ್ನೂ ಮಾಡದ ಹೊಸಬರು ಆ ನಂಬಿಕೆ ಗಳಿಸುವುದು ಹೇಗೆ? ಕ್ಯಾಮೆರಾ ಇಂದು ಅಗ್ಗ. ಚಿತ್ರ ಮುಗಿದರೆ ಪ್ರಸಾರವಾಗುತ್ತದೆಂಬ ಖಾತರಿ ಮಾತ್ರ ಈಗಲೂ ದುರ್ಲಭ. ಈ ಕಗ್ಗಂಟನ್ನು ಬಿಡಿಸಲು ಹೆಚ್ಚು ಶ್ರಮಿಸಿದ ವಾಹಿನಿ ಬ್ರಿಟನ್ನಿನ ಚಾನೆಲ್ 4.

ಸಂಬಳ ಕೊಟ್ಟು ಬೆಳೆಸಿದ ಗುಂಪುಗಳು

1982ರ ನವೆಂಬರ್ 2ರಂದು ಪ್ರಸಾರ ಆರಂಭಿಸಿದ ಚಾನೆಲ್ 4 ತಾನೇ ಕಾರ್ಯಕ್ರಮ ತಯಾರಿಸದೆ ಹೊರಗಿನವರಿಂದ ಮಾಡಿಸುತ್ತಿತ್ತು. ಹೊಸ ಪ್ರಯೋಗಗಳಿಗೆ ಇಂಬು ಕೊಡುವ ಹೊಣೆಯನ್ನು ಕಾನೂನೇ ಅದರ ಮೇಲೆ ಹೊರಿಸಿತ್ತು. ಅದೇ ವರ್ಷ ಚಿತ್ರ ತಂತ್ರಜ್ಞರ ಒಕ್ಕೂಟದೊಂದಿಗೆ ಆದ ಒಪ್ಪಂದದಿಂದಾಗಿ ಸಣ್ಣ ಚಿತ್ರ ತಂಡಗಳಿಗೆ ಒಂದೊಂದು ಚಿತ್ರದ ಲೆಕ್ಕದಲ್ಲಲ್ಲದೆ ನಿರಂತರವಾಗಿ ಹಣ ದೊರೆಯಿತು. ಸದಸ್ಯರಿಗೆ ಸಂಬಳ ಸಿಕ್ಕಿತು, ಕಲಿಯಲು ಬಿಡುವೂ ಸಿಕ್ಕಿತು.

ಪೋರ್ಟ್ಸ್‌ಮತ್ ಪಾಲಿಟೆಕ್ನಿಕ್‌ನಲ್ಲಿ ಜೊತೆಗೆ ಓದಿದ ಗೆಳೆಯರು ಕಟ್ಟಿದ ‘ಬ್ಲ್ಯಾಕ್ ಆಡಿಯೋ ಫಿಲ್ಮ್ ಕಲೆಕ್ಟಿವ್’ ಇಂಥದೊಂದು ತಂಡ. ಬರ್ಮಿಂಗ್‌ಹ್ಯಾಮಿನ ಹ್ಯಾಂಡ್ಸ್‌ವರ್ತ್‌ನಲ್ಲಿ 1985ರಲ್ಲಿ ನಡೆದ ಗಲಭೆಗಳನ್ನು ಕುರಿತ ‘ಹ್ಯಾಂಡ್ಸ್‌ವರ್ತ್ ಸಾಂಗ್ಸ್’ ಚಿತ್ರವನ್ನು ಈ ತಂಡದ ಜಾನ್ ಅಕೊಮ್‌ಫ್ರಾ 1986ರಲ್ಲಿ ನಿರ್ದೇಶಿಸಿದರು. ಹಳೆಯ ಸುದ್ದಿಚಿತ್ರ, ದನಿ, ಸಂಗೀತಗಳನ್ನು ಹೆಣೆದ ಆ ಚಿತ್ರ ಮಾಮೂಲಿ ಟಿವಿ ವರದಿಯ ಹಾದಿ ಹಿಡಿಯಲೇ ಇಲ್ಲ. ಲೇಖಕ ಸಲ್ಮಾನ್ ರಶ್ದಿ ಅದನ್ನು ಟೀಕಿಸಿದರು, ಚಿಂತಕ ಸ್ಟುವರ್ಟ್ ಹಾಲ್ ಅದರ ಪರ ನಿಂತರು. ಹೊಸಬನೊಬ್ಬನ ಚಿತ್ರವನ್ನು ಇಷ್ಟು ಗಂಭೀರವಾಗಿ ಚರ್ಚಿಸಿದ್ದೇ ದೊಡ್ಡ ಮಾತು. ಅಕೊಮ್‌ಫ್ರಾ 2024ರ ವೆನಿಸ್ ಬಿಯೆನಾಲೆ ಕಲಾ ಪ್ರದರ್ಶನದಲ್ಲಿ ಬ್ರಿಟನ್ನನ್ನು ಪ್ರತಿನಿಧಿಸಿದರು.

ಹೊಸಬರಿಗೇ ಮೀಸಲಾದ ಸಮಯ

ಮುಂದೆ ಅದೇ ವಾಹಿನಿ ‘ಫಸ್ಟ್ ಕಟ್’ ಹೆಸರಿನ ಸಾಕ್ಷ್ಯಚಿತ್ರ ಮಾಲೆಯನ್ನು ಉದಯೋನ್ಮುಖ ನಿರ್ದೇಶಕರಿಗಾಗಿಯೇ ಇಟ್ಟಿತು. ಮಾಲೆಗೊಂದು ಹೆಸರಿದ್ದುದರಿಂದ ವೀಕ್ಷಕರು ಹುಡುಕಿಕೊಂಡು ಬರಬಹುದಿತ್ತು, ಒಂದು ಚಿತ್ರ ಸೊರಗಿದರೂ ಮಾಲೆ ನಿಲ್ಲುತ್ತಿರಲಿಲ್ಲ. ಸೋಲನ್ನು ಹೀಗೆ ಹಂಚಿಕೊಳ್ಳುವ ವ್ಯವಸ್ಥೆಯಿಲ್ಲದೆ ಯಾವ ವಾಹಿನಿಯೂ ಹೊಸಬರನ್ನು ಬೆಳೆಸಲಾರದು.

ಸಂಕಲನದ ಕೋಣೆಯಲ್ಲಿ

ಟಿವಿ ಸಾಕ್ಷ್ಯಚಿತ್ರದಲ್ಲಿ ಹೊಸಬರ ಬೆನ್ನಿಗಿರುವವರು ಸಾಮಾನ್ಯವಾಗಿ ಇಬ್ಬರು: ಚಿತ್ರಗಳನ್ನು ಆರಿಸಿ ಮಾಡಿಸುವ ವಾಹಿನಿಯ ಕಮಿಷನಿಂಗ್ ಎಡಿಟರ್ ಮತ್ತು ನಿರ್ಮಾಣ ಸಂಸ್ಥೆಯ ಅನುಭವಿ ಕಾರ್ಯಕಾರಿ ನಿರ್ಮಾಪಕ. ಚಿತ್ರೀಕರಣಕ್ಕೆ ಮುನ್ನ ವಿಷಯ, ಬಜೆಟ್, ಚಿತ್ರದಲ್ಲಿ ಕಾಣುವವರ ಒಪ್ಪಿಗೆ ಪತ್ರಗಳ ಬಗ್ಗೆ ಮಾತಾಗುತ್ತದೆ. ನಿಜವಾದ ಪಾಠ ನಡೆಯುವುದು ರಫ್ ಕಟ್ (ಮೊದಲ ಕಚ್ಚಾ ಸಂಕಲನ) ನೋಡುವಾಗ. ಕಷ್ಟಪಟ್ಟು ಚಿತ್ರಿಸಿದ ದೃಶ್ಯ ಕಥೆಗೆ ಬೇಡವೆಂದು ಆಗ ಗೊತ್ತಾಗುತ್ತದೆ. ಒಳ್ಳೆಯ ಹಿರಿಯರು ಪ್ರಶ್ನೆ ಕೇಳಿ ನಿರ್ಧಾರವನ್ನು ನಿರ್ದೇಶಕರಿಗೇ ಬಿಡುತ್ತಾರೆ. ತಾವೇ ಕತ್ತರಿ ಹಿಡಿದರೆ ಚಿತ್ರ ಚೊಕ್ಕವಾದೀತು, ನಿರ್ದೇಶಕ ಬೆಳೆಯಲಾರ. ವಕೀಲರೂ ನೋಡಿ ಒಪ್ಪಿದ ನಂತರ ಚಿತ್ರ ಪ್ರಸಾರಕ್ಕೆ ಹೋಗುತ್ತದೆ.

ಭಾರತದ ಪ್ರಯತ್ನ

ದೆಹಲಿಯ ಪಬ್ಲಿಕ್ ಸರ್ವಿಸ್ ಬ್ರಾಡ್‌ಕಾಸ್ಟಿಂಗ್ ಟ್ರಸ್ಟ್ 2000ರಲ್ಲಿ ಹುಟ್ಟಿತು. ಫೋರ್ಡ್ ಫೌಂಡೇಷನ್ ನೆರವು, ಪ್ರಸಾರ ಭಾರತಿಯ ಸಹಯೋಗಗಳಿಂದ ಅದು ನೂರಾರು ಸ್ವತಂತ್ರ ಸಾಕ್ಷ್ಯಚಿತ್ರಗಳನ್ನು ಮಾಡಿಸಿ ದೂರದರ್ಶನದಲ್ಲಿ ತೋರಿಸಿತು. ಹೆಸರಾಂತ ನಿರ್ದೇಶಕರ ಜೊತೆಗೆ ಮೊದಲ ಚಿತ್ರ ಮಾಡುವವರಿಗೂ ಅಲ್ಲಿ ಜಾಗವಿತ್ತು. ಟ್ರಸ್ಟ್ ತನ್ನ ‘ಓಪನ್ ಫ್ರೇಮ್’ ಉತ್ಸವದಲ್ಲಿ ಚಿತ್ರಗಳನ್ನು ನೋಡಿ ಚರ್ಚಿಸಲೂ ಅವಕಾಶ ಕಲ್ಪಿಸಿತು.

ಕನ್ನಡದಲ್ಲಿ ಇಂಥ ಏರ್ಪಾಡಿಗೆ ತಕ್ಕ ನೆಲೆ ದೂರದರ್ಶನ ಚಂದನ. ವಾರಕ್ಕೆ ಅರ್ಧ ಗಂಟೆ, ಜೊತೆಗೊಬ್ಬ ಅನುಭವಿ ಸಂಕಲನಕಾರ, ಪ್ರಯಾಣದ ಖರ್ಚು: ಇಷ್ಟಿದ್ದರೆ ರಾಯಚೂರು, ಕಾರವಾರಗಳ ಹೊಸಬರು ತಮ್ಮ ಊರಿನ ಕಥೆಯನ್ನು ಊರಲ್ಲೇ ಇದ್ದು ಹೇಳಬಲ್ಲರು.