ಕೇಸ್‌ಮೆಂಟ್ ಮೊಕದ್ದಮೆಯ ಕಾಮಾ

ಇಂಗ್ಲಿಷ್ ವರದಿಯ ಕರಡು ತಿದ್ದುತ್ತಿದ್ದೆ. "ಬರೀ ಒಂದು ಕಾಮಾ, ಬಿಡೇ" ಎಂದಳು ಗೆಳತಿ. ನನಗೆ ನೆನಪಾದದ್ದು ರೋಜರ್ ಕೇಸ್‌ಮೆಂಟ್.

ಮೊದಲ ಮಹಾಯುದ್ಧದಲ್ಲಿ ಈ ಐರಿಷ್ ಹೋರಾಟಗಾರ ಜರ್ಮನಿಯಲ್ಲಿದ್ದ ಐರಿಷ್ ಯುದ್ಧಕೈದಿಗಳನ್ನು ಬ್ರಿಟನ್ ವಿರುದ್ಧ ಸಂಘಟಿಸಲು ಹೋದರು. 1916ರಲ್ಲಿ ಲಂಡನ್ನಿನಲ್ಲಿ ರಾಜದ್ರೋಹದ ವಿಚಾರಣೆ ನಡೆಯಿತು. 1351ರ ಕಾಯಿದೆ ಹೊರದೇಶದ ಕೃತ್ಯಕ್ಕೂ ಅನ್ವಯಿಸುತ್ತದೆಯೇ? 'ಅಥವಾ ಬೇರೆಡೆ' ಎಂಬ ಮಾತಿನ ಹಿಂದೆ ಕಾಮಾ ಇದ್ದರೆ ಅದು ಇಡೀ ವಾಕ್ಯಕ್ಕೆ ಸೇರುತ್ತದೆ. ಇಲ್ಲದಿದ್ದರೆ ಕೊನೆಯ ತುಂಡಿಗೆ ಮಾತ್ರ. ಕಾಯಿದೆಯ ಮೂಲವೋ ಇಂಗ್ಲಿಷೇ ಅಲ್ಲ, ನಾರ್ಮನ್ ಫ್ರೆಂಚ್! ಇಬ್ಬರು ನ್ಯಾಯಾಧೀಶರು ದಾಖಲೆ ಕಚೇರಿಗೇ ಹೋಗಿ ಹಳೆಯ ಸುರುಳಿ ನೋಡಿ ಬಂದರು. ತೀರ್ಪು ಕೇಸ್‌ಮೆಂಟ್ ವಿರುದ್ಧವಾಯಿತು. ಕಾಮಾಕ್ಕೆ ಮನುಷ್ಯನ ಜೀವ ನೇತುಹಾಕಿದರೆಂದು ಅವರೇ ಪತ್ರದಲ್ಲಿ ಕಟಕಿಯಾಡಿದರು. ಆಗಸ್ಟ್ 3ರಂದು ಗಲ್ಲಾಯಿತು.

ಗೆಳತಿ ಕರಡನ್ನು ಮತ್ತೆ ಕೈಗೆತ್ತಿಕೊಂಡಳು.